ಮೂತ್ರಕೋಶದ ಕ್ಯಾನ್ಸರ್: ರಿಪೋರ್ಟ್ ಓದುವುದರಿಂದ ಚಿಕಿತ್ಸೆ ಆರಿಸಿಕೊಳ್ಳುವವರೆಗೆ

ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋಗುತ್ತದೆ, ಒಂದೆರಡು ದಿನದಲ್ಲಿ ತಾನಾಗಿ ನಿಲ್ಲುತ್ತದೆ. ಮೂತ್ರಕೋಶದ ಕ್ಯಾನ್ಸರ್ ಹೆಚ್ಚಿನವರಲ್ಲಿ ಕಾಣಿಸಿಕೊಳ್ಳುವುದು ಹೀಗೆ. ನಿಂತಿತಲ್ಲ ಎಂದು ಸುಮ್ಮನಾದರೆ ತಿಂಗಳುಗಟ್ಟಲೆ ಸಮಯ ಕೈತಪ್ಪುತ್ತದೆ. ಹೆಂಗಸರಲ್ಲಿ ಹೀಗೆ ತಡವಾಗುವುದು ಇನ್ನೂ ಹೆಚ್ಚು. ಉರಿಮೂತ್ರ, ಸೋಂಕು ಎಂದು ಮತ್ತೆ ಮತ್ತೆ ಆಂಟಿಬಯಾಟಿಕ್ ಕೊಡುತ್ತಾ ಹೋಗಿ, ಒಳಗೆ ನೋಡುವಷ್ಟರಲ್ಲಿ ಗಡ್ಡೆ ಬೆಳೆದಿರುತ್ತದೆ. ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಸಿಗದೆಯೂ ರಕ್ತ ಹೋಗುತ್ತಿದ್ದರೆ, ಅಥವಾ ಸೋಂಕು ವಾಸಿಯಾದ ಮೇಲೂ ಕಾಣಿಸಿದರೆ, ಯುರಾಲಜಿಸ್ಟ್ ಬಳಿ ಸಿಸ್ಟೊಸ್ಕೋಪಿ, ಅಂದರೆ ಮೂತ್ರದ ದಾರಿಯಿಂದ ಸಣ್ಣ ಕ್ಯಾಮೆರಾ ಇಳಿಸಿ ಮೂತ್ರಕೋಶದೊಳಗೆ ನೋಡುವ ಪರೀಕ್ಷೆ, ಮಾಡಿಸಲೇಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರೂ ‘ಮಾತ್ರೆಯಿಂದಲೇ ಇರಬೇಕು’ ಎಂದುಕೊಂಡು ಕೂರಬಾರದು.

ಸಿಸ್ಟೊಸ್ಕೋಪಿಯಲ್ಲಿ ಗಡ್ಡೆ ಕಂಡಿದೆ ಎಂದಾದ ಮೇಲಿನ ದಾರಿ ಈ ಲೇಖನದ ವಿಷಯ. ಈ ಕಾಯಿಲೆಯಲ್ಲಿ ಚಿಕಿತ್ಸೆಯನ್ನು ನಿರ್ಧರಿಸುವುದು ಗಡ್ಡೆಯ ಗಾತ್ರಕ್ಕಿಂತ ಹೆಚ್ಚಾಗಿ ಅದು ಇಳಿದಿರುವ ಆಳ. ಮೂತ್ರಕೋಶದ ಗೋಡೆಯ ಒಳಮೈಗೆ ತೆಳು ಪೊರೆ, ಅದರ ಕೆಳಗೆ ರಕ್ತನಾಳಗಳಿರುವ ಮೆತ್ತನೆಯ ಪದರ, ಅದರಾಚೆ ದಪ್ಪ ಸ್ನಾಯು, ಹೊರಗೆ ಕೊಬ್ಬು. ಗಡ್ಡೆ ಸ್ನಾಯುವಿಗೆ ಇಳಿಯದಿದ್ದರೆ ಒಂದು ದಾರಿ, ಇಳಿದಿದ್ದರೆ ಬೇರೆಯೇ ದಾರಿ. ಹೊಸದಾಗಿ ಪತ್ತೆಯಾದವರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಅದು ಸ್ನಾಯುವಿಗೆ ಇಳಿದಿರುವುದಿಲ್ಲ. ಹಾಗಾಗಿ ಮೊದಲ ದಿನವೇ ಮೂತ್ರಕೋಶ ತೆಗೆಸಬೇಕಾಗುತ್ತದೆ ಎಂದು ಎದೆಗುಂದಬೇಡಿ. ಬಯಾಪ್ಸಿ ರಿಪೋರ್ಟ್ ಬರುವ ಮುನ್ನ ಯಾರು ಏನು ಹೇಳಿದರೂ ಅದು ಊಹೆಯೇ.

ಮೊದಲ ಆಪರೇಷನ್

ಮೂತ್ರದ ದಾರಿಯಿಂದಲೇ ಸಲಕರಣೆ ಒಳಗೆ ಬಿಟ್ಟು ಗಡ್ಡೆಯನ್ನು ಕೆತ್ತಿ ತೆಗೆಯುವ ಆಪರೇಷನ್‌ಗೆ ಟಿಯುಆರ್‌ಬಿಟಿ ಎನ್ನುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ. ಇದು ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು. ಮುಂದಿನ ತೀರ್ಮಾನಗಳೆಲ್ಲ ಇಲ್ಲಿ ಸಿಗುವ ತುಣುಕುಗಳ ಮೇಲೆ ನಿಂತಿರುವುದರಿಂದ ಇದನ್ನು ಸಣ್ಣ ಆಪರೇಷನ್ ಎಂದು ಹಗುರವಾಗಿ ಕಾಣಬೇಡಿ.

ಸಾಧ್ಯವಿದ್ದರೆ ಸಿಟಿ ಯುರೋಗ್ರಾಮ್, ಅಂದರೆ ಕಿಡ್ನಿಯಿಂದ ಮೂತ್ರಕೋಶದವರೆಗಿನ ದಾರಿಯ ಸಿಟಿ ಸ್ಕ್ಯಾನ್, ಇದಕ್ಕೆ ಮುಂಚೆಯೇ ಆಗಲಿ. ಕೆತ್ತಿದ ಮೇಲೆ ಗೋಡೆ ಊದಿಕೊಂಡಿರುತ್ತದೆ, ಆಗ ಸ್ಕ್ಯಾನ್‌ನಲ್ಲಿ ಗಡ್ಡೆ ಯಾವುದು, ಊತ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಕಿಡ್ನಿಯಿಂದ ಇಳಿದು ಬರುವ ಕೊಳವೆಗಳ ಒಳಮೈಯೂ ಇದೇ ಬಗೆಯ ಪೊರೆಯಾದ್ದರಿಂದ ಅಲ್ಲೂ ಗಡ್ಡೆ ಇದೆಯೇ ಎಂದು ಅದೇ ಸ್ಕ್ಯಾನ್ ತೋರಿಸುತ್ತದೆ. ಸ್ಕ್ಯಾನ್‌ಗಾಗಿ ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧ ಕೊಡುವ ಮುನ್ನ ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಿರಬೇಕು. ಮೂತ್ರದಲ್ಲಿ ಉದುರಿದ ಜೀವಕೋಶಗಳನ್ನು ನೋಡುವ ಸೈಟಾಲಜಿ ಪರೀಕ್ಷೆ ಹೈ ಗ್ರೇಡ್ (ಉಗ್ರ ಸ್ವಭಾವದ) ಕ್ಯಾನ್ಸರನ್ನು ಚೆನ್ನಾಗಿ ಹಿಡಿಯುತ್ತದೆ, ಲೋ ಗ್ರೇಡನ್ನು (ಸೌಮ್ಯ ಸ್ವಭಾವದ್ದನ್ನು) ಬಹಳ ಸಲ ಬಿಟ್ಟುಬಿಡುತ್ತದೆ. ಅದು ‘ನೆಗೆಟಿವ್’ ಎಂದು ಬಂದ ಮಾತ್ರಕ್ಕೆ ನಿರಾಳವಾಗುವಂತಿಲ್ಲ.

ಆಪರೇಷನ್‌ಗೆ ಒಪ್ಪಿಗೆ ಸಹಿ ಹಾಕುವ ಮುನ್ನ ಎರಡು ಪ್ರಶ್ನೆ ಕೇಳಿ. ತುಣುಕಿನಲ್ಲಿ ಸ್ನಾಯುವೂ ಬರುವಂತೆ ತೆಗೆಯುತ್ತೀರಾ? ಮುಗಿದ ಕೂಡಲೇ ಮೂತ್ರಕೋಶದೊಳಗೆ ಒಂದು ಡೋಸ್ ಕೀಮೋ ಹಾಕುತ್ತೀರಾ? ಮೈಟೊಮೈಸಿನ್ 40 ಮಿಲಿಗ್ರಾಂ, ಇಲ್ಲವೇ ಜೆಮ್‌ಸಿಟಬಿನ್ 2 ಗ್ರಾಂ, 24 ಗಂಟೆಯೊಳಗೆ ಹಾಕಿದರೆ ತೊಳೆದುಹೋಗದೆ ತೇಲುತ್ತಿರುವ ಕ್ಯಾನ್ಸರ್ ಕಣಗಳು ಗೋಡೆಗೆ ಮತ್ತೆ ಅಂಟಿ ಬೇರೂರುವುದು ತಪ್ಪುತ್ತದೆ. ಲೋ ಗ್ರೇಡ್‌ನಂತೆ ಕಾಣುವ ಗಡ್ಡೆಗಳಲ್ಲಿ ಇದರ ಲಾಭ ಹೆಚ್ಚು. ಗೋಡೆಗೆ ತೂತು ಬಿದ್ದಿದ್ದರೆ ಅಥವಾ ರಕ್ತಸ್ರಾವ ಜೋರಾಗಿದ್ದರೆ ಮಾತ್ರ ಹಾಕಬಾರದು. ಔಷಧ ತರಿಸಿಟ್ಟಿಲ್ಲ ಎಂಬ ಕಾರಣಕ್ಕೆ ಈ ಡೋಸ್ ತಪ್ಪಿಹೋದರೆ ಅದು ನಿಜಕ್ಕೂ ಬೇಸರದ ಸಂಗತಿ, ಮುಂಚೆಯೇ ಕೇಳಿದರೆ ತಪ್ಪುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆಗಳ ಪಟ್ಟಿಯನ್ನೂ ಆಗಲೇ ಕೊಡಿ, ನೀವಾಗಿಯೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಹಾಗೆ ನಿಲ್ಲಿಸುವುದೇ ದೊಡ್ಡ ಅಪಾಯ.

ಆಪರೇಷನ್ ಆದಮೇಲೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಮೂತ್ರದ ಪೈಪ್ ಇರುತ್ತದೆ. ಮನೆಗೆ ಬಂದು ಹತ್ತು ಹದಿನಾಲ್ಕು ದಿನದ ಹೊತ್ತಿಗೆ ಒಳಗಿನ ಗಾಯದ ಹಕ್ಕಳೆ ಉದುರುವಾಗ ಮತ್ತೆ ಸ್ವಲ್ಪ ರಕ್ತ ಕಾಣುವುದುಂಟು, ನೀರು ಹೆಚ್ಚು ಕುಡಿದರೆ ತಿಳಿಯಾಗುತ್ತದೆ. ಎರಡು ಮೂರು ವಾರ ಭಾರ ಎತ್ತಬೇಡಿ, ಮಲಬದ್ಧತೆ ಆಗದಂತೆ ನೋಡಿಕೊಳ್ಳಿ. ರಕ್ತ ಗಟ್ಟಿಯಾಗಿ ಹೆಪ್ಪು ಬಂದು ಮೂತ್ರ ಕಟ್ಟಿಕೊಂಡರೆ ಮಾತ್ರ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ರಿಪೋರ್ಟ್‌ನಲ್ಲಿ ಯಾವ ಸಾಲು ಹುಡುಕಬೇಕು

ಡಿಸ್ಚಾರ್ಜ್ ಸಮರಿ ಸಾಲದು, ತೆಗೆದ ತುಣುಕುಗಳ ಪೆಥಾಲಜಿ ರಿಪೋರ್ಟ್‌ನ ಪೂರ್ತಿ ಪ್ರತಿ ಕೈಯಲ್ಲಿರಬೇಕು. ಅದರಲ್ಲಿ ಮೊದಲು ಹುಡುಕಬೇಕಾದದ್ದು ‘ಮಸ್ಕ್ಯುಲಾರಿಸ್ ಪ್ರೊಪ್ರಿಯಾ’ ಅಥವಾ ‘ಡೆಟ್ರುಸರ್ ಮಸಲ್’ ಎಂಬ ಮಾತು. ಅದರ ಮುಂದೆ ಮೂರರಲ್ಲಿ ಒಂದು ಬರೆದಿರುತ್ತದೆ: ಸ್ನಾಯು ಇದೆ, ಕ್ಯಾನ್ಸರ್ ಮುಟ್ಟಿಲ್ಲ; ಸ್ನಾಯು ಇದೆ, ಕ್ಯಾನ್ಸರ್ ಮುಟ್ಟಿದೆ; ತುಣುಕಿನಲ್ಲಿ ಸ್ನಾಯುವೇ ಇಲ್ಲ. ಜನ ಎಡವುವುದು ಮೂರನೆಯದರಲ್ಲಿ. ‘ಸ್ನಾಯು ಕಾಣಲಿಲ್ಲ’ ಎಂಬುದನ್ನು ‘ಸ್ನಾಯುವಿಗೆ ಹರಡಿಲ್ಲ’ ಎಂದು ಓದಿಕೊಂಡು ಸಮಾಧಾನಪಡುತ್ತಾರೆ. ಅದರ ಅರ್ಥ ಆಳ ಇನ್ನೂ ಗೊತ್ತಾಗಿಲ್ಲ ಎಂದಷ್ಟೇ. ಇನ್ನೊಂದು ಗೊಂದಲವೂ ಇದೆ: ‘ಮಸ್ಕ್ಯುಲಾರಿಸ್ ಮ್ಯೂಕೋಸಾ’ ಎಂದಿದ್ದರೆ ಅದು ಮೆತ್ತನೆಯ ಪದರದೊಳಗಿರುವ ಸಣ್ಣ ಎಳೆಗಳು, ದಪ್ಪ ಸ್ನಾಯುವಲ್ಲ.

ಆಮೇಲೆ ಹಂತ. ಟಿಎ ಎಂದರೆ ಒಳಪೊರೆಯಲ್ಲೇ ಇದೆ. ಟಿ1 ಎಂದರೆ ಮೆತ್ತನೆಯ ಪದರಕ್ಕೆ ಇಳಿದಿದೆ. ಟಿ2 ಸ್ನಾಯುವಿಗೆ, ಟಿ3 ಹೊರಗಿನ ಕೊಬ್ಬಿಗೆ, ಟಿ4 ಪಕ್ಕದ ಅಂಗಗಳಿಗೆ. ಸಿಐಎಸ್ ಎಂದು ಬರೆದಿದ್ದರೆ ಅದು ಗಡ್ಡೆಯಾಗಿ ಎದ್ದಿರದೆ ಒಳಪೊರೆಯಲ್ಲೇ ಚಪ್ಪಟೆಯಾಗಿ, ಕೆಂಪು ಮಚ್ಚೆಯ ಹಾಗೆ ಹಬ್ಬಿರುವ ಕ್ಯಾನ್ಸರ್. ಇನ್ನೂ ಇಳಿದಿಲ್ಲ ಎಂಬ ಕಾರಣಕ್ಕೆ ಇದನ್ನು ಸೌಮ್ಯವೆಂದು ತಿಳಿಯುವುದು ತಪ್ಪು. ಸಿಐಎಸ್ ಯಾವಾಗಲೂ ಹೈ ಗ್ರೇಡ್, ಸುಮ್ಮನೆ ಬಿಟ್ಟರೆ ಆಳಕ್ಕೆ ಇಳಿಯುವ ಜಾತಿ.

ಗ್ರೇಡ್ ಎಂದರೆ ಜೀವಕೋಶಗಳ ಸ್ವಭಾವ. ಲೋ ಗ್ರೇಡ್ ಗಡ್ಡೆಗಳು ಮತ್ತೆ ಮತ್ತೆ ಬರುತ್ತವೆ, ಆದರೆ ಜೀವಕ್ಕೆ ಕುತ್ತು ತರುವುದು ಅಪರೂಪ. ಹೈ ಗ್ರೇಡ್ ಹಾಗಲ್ಲ. ಹತ್ತರಲ್ಲಿ ಸುಮಾರು ಒಂಬತ್ತು ಮೂತ್ರಕೋಶದ ಕ್ಯಾನ್ಸರ್‌ಗಳು ಯುರೋಥೀಲಿಯಲ್ ಬಗೆಯವು, ಅಂದರೆ ಒಳಪೊರೆಯ ಜೀವಕೋಶಗಳಿಂದ ಹುಟ್ಟಿದವು. ಮೈಕ್ರೊಪ್ಯಾಪಿಲರಿ, ಪ್ಲಾಸ್ಮಸೈಟಾಯ್ಡ್, ಸ್ಮಾಲ್ ಸೆಲ್ ಎಂಬ ಹೆಸರು ಕಂಡರೆ ಅದನ್ನು ತಪ್ಪದೆ ವೈದ್ಯರ ಗಮನಕ್ಕೆ ತನ್ನಿ, ಅವುಗಳ ಚಿಕಿತ್ಸೆಯೇ ಬೇರೆ. ಅನುಮಾನವಿದ್ದರೆ ಇನ್ನೊಬ್ಬ ಪೆಥಾಲಜಿಸ್ಟ್‌ರಿಂದ ಓದಿಸಿ. ಅದಕ್ಕೆ ರಿಪೋರ್ಟ್‌ನ ಜೊತೆ ಗಾಜಿನ ಸ್ಲೈಡ್‌ಗಳು ಮತ್ತು ಮೇಣದ ಬ್ಲಾಕ್‌ಗಳು ಬೇಕು, ಲ್ಯಾಬ್‌ನಲ್ಲಿ ಕೇಳಿ ಪಡೆಯಬಹುದು.

ಟಿ1 ಎಂದು ಬಂದರೆ, ಅಥವಾ ಗಡ್ಡೆ ಪೂರ್ತಿ ತೆಗೆಯಲಾಗದಿದ್ದರೆ, ಅಥವಾ ಹೈ ಗ್ರೇಡ್ ಗಡ್ಡೆಯ ತುಣುಕಿನಲ್ಲಿ ಸ್ನಾಯು ಸಿಗದಿದ್ದರೆ, ಎರಡರಿಂದ ಆರು ವಾರದೊಳಗೆ ಅದೇ ಜಾಗವನ್ನು ಮತ್ತೊಮ್ಮೆ ಕೆತ್ತಬೇಕು. ‘ಒಂದು ಸಲ ಆಯಿತಲ್ಲ, ಮತ್ತೇಕೆ’ ಎಂದು ಮನೆಯವರು ತಡೆಯುವುದು ಇಲ್ಲೇ. ಟಿ1 ಇದ್ದವರಲ್ಲಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಜನರಿಗೆ ಎರಡನೇ ಸಲ ಕೆತ್ತಿದಾಗ ಉಳಿದ ಕ್ಯಾನ್ಸರ್ ಸಿಗುತ್ತದೆ. ಕೆಲವರಲ್ಲಿ ಅದು ಸ್ನಾಯುವಿಗೆ ಇಳಿದಿರುವುದೇ ಆಗ ಗೊತ್ತಾಗುತ್ತದೆ. ಇದನ್ನು ಬಿಟ್ಟು ಮುಂದೆ ಹೋದರೆ ತಪ್ಪು ಹಂತಕ್ಕೆ ಚಿಕಿತ್ಸೆ ಕೊಟ್ಟಂತಾಗುತ್ತದೆ.

ಸ್ನಾಯುವಿಗೆ ಇಳಿದಿಲ್ಲ ಎಂದಾದರೆ

ಒಂದೇ ಒಂದು, 3 ಸೆಂಟಿಮೀಟರಿಗಿಂತ ಚಿಕ್ಕ, ಲೋ ಗ್ರೇಡ್ ಟಿಎ ಗಡ್ಡೆಯಾಗಿದ್ದರೆ ಆ ಒಂದು ಡೋಸ್ ಕೀಮೋ ಸಾಕು. ಮೂರನೇ ತಿಂಗಳಲ್ಲಿ ಒಂದು ಸಿಸ್ಟೊಸ್ಕೋಪಿ, ಅದು ಸರಿಯಿದ್ದರೆ ವರ್ಷ ತುಂಬಿದಾಗ ಇನ್ನೊಂದು, ಆಮೇಲೆ ಐದು ವರ್ಷದವರೆಗೆ ವರ್ಷಕ್ಕೊಮ್ಮೆ. ಮಧ್ಯಮ ಅಪಾಯದವರಿಗೆ, ಅಂದರೆ ಲೋ ಗ್ರೇಡ್ ಗಡ್ಡೆಗಳು ಹಲವು ಇದ್ದರೆ ಅಥವಾ ಪದೇ ಪದೇ ಬರುತ್ತಿದ್ದರೆ, ವಾರಕ್ಕೊಂದರಂತೆ ಮೂತ್ರಕೋಶದೊಳಗೆ ಕೀಮೋ, ಇಲ್ಲವೇ ಒಂದು ವರ್ಷದ ಬಿಸಿಜಿ. ಟಿ1, ಹೈ ಗ್ರೇಡ್, ಸಿಐಎಸ್ ಇವುಗಳಲ್ಲಿ ಯಾವುದಿದ್ದರೂ ಅಪಾಯ ಹೆಚ್ಚಿನ ಗುಂಪು, ಅವರಿಗೆ ಬಿಸಿಜಿಯೇ ಮೊದಲ ಆಯ್ಕೆ.

ಕ್ಷಯಕ್ಕೆ ಲಸಿಕೆಯಾಗಿ ಕೊಡುವ ಬಿಸಿಜಿ ಬ್ಯಾಕ್ಟೀರಿಯಾವೇ ಇದು. ಜೀವಂತವಿರುವ ಇದನ್ನು ಮೂತ್ರಕೋಶದೊಳಗೆ ಬಿಟ್ಟಾಗ ದೇಹದ ರೋಗನಿರೋಧಕ ಶಕ್ತಿ ಅಲ್ಲಿಗೆ ನುಗ್ಗಿ ಕ್ಯಾನ್ಸರ್ ಕಣಗಳನ್ನೂ ಕೊಲ್ಲುತ್ತದೆ. 1976ರಲ್ಲಿ ಆಲ್ವಾರೊ ಮೊರಾಲೆಸ್ ಮತ್ತು ಸಂಗಡಿಗರು ಮೊದಲ ಫಲಿತಾಂಶ ಪ್ರಕಟಿಸಿದರು, ಇಂದಿಗೂ ಇದರ ಜಾಗವನ್ನು ಬೇರೆ ಔಷಧ ತೆಗೆದುಕೊಂಡಿಲ್ಲ. ವೇಳಾಪಟ್ಟಿ ಹೀಗೆ: ಕೆತ್ತಿದ ಗಾಯ ಮಾಯಲು ಕನಿಷ್ಠ ಎರಡು ವಾರ ಬಿಟ್ಟು, ವಾರಕ್ಕೊಂದರಂತೆ ಆರು ಡೋಸ್. ನಂತರ 3, 6, 12, 18, 24, 30, 36ನೇ ತಿಂಗಳಲ್ಲಿ ವಾರಕ್ಕೊಂದರಂತೆ ಮೂರು ಮೂರು ಡೋಸ್. ಮಧ್ಯಮ ಅಪಾಯದವರಿಗೆ ಇದು 12ನೇ ತಿಂಗಳಿಗೆ ಮುಗಿಯುತ್ತದೆ. ಮೊದಲ ಆರು ಮುಗಿದ ಮೇಲೆ ‘ಈಗ ಆರಾಮಾಗಿದ್ದೇನೆ’ ಎಂದು ನಿಲ್ಲಿಸುವವರು ಬಹಳ. ಬಿಸಿಜಿಯ ಪೂರ್ತಿ ಗುಣ ಸಿಗುವುದು ನಂತರದ ಈ ಮೂರು ಮೂರರ ಸರಣಿಗಳಿಂದ.

ಡೋಸ್ ಇರುವ ದಿನ ನಾಲ್ಕು ಗಂಟೆ ಮುಂಚಿನಿಂದ ನೀರು, ಕಾಫಿ ಕಡಿಮೆ ಮಾಡಿ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಮುಂದೂಡಬಹುದೇ ಎಂದು ವೈದ್ಯರನ್ನು ಕೇಳಿ. ಮೂತ್ರಕೋಶ ತುಂಬಿದರೆ ಔಷಧ ತೆಳುವಾಗುತ್ತದೆ, ಹಿಡಿದಿಡುವುದೂ ಕಷ್ಟ. ಸಣ್ಣ ಪೈಪಿನಿಂದ ಸುಮಾರು 50 ಮಿಲಿಲೀಟರ್ ಔಷಧ ಬಿಟ್ಟು ಪೈಪ್ ತೆಗೆಯುತ್ತಾರೆ. ಎರಡು ಗಂಟೆ ಹಿಡಿದಿಟ್ಟುಕೊಳ್ಳಿ, ಅದಕ್ಕಿಂತ ಹೆಚ್ಚು ಬೇಡ. ಆಮೇಲೆ ಆರು ಗಂಟೆಯವರೆಗೆ ಗಂಡಸರೂ ಕೂತೇ ಮೂತ್ರ ಮಾಡಬೇಕು, ಸಿಡಿಯಬಾರದು. ಪ್ರತಿ ಸಲ ಟಾಯ್ಲೆಟ್‌ಗೆ ಬ್ಲೀಚ್ ಸುರಿದು 15 ನಿಮಿಷ ಬಿಟ್ಟು ಫ್ಲಷ್ ಮಾಡಿ, ಕೈ ಮತ್ತು ಗುಪ್ತಾಂಗವನ್ನು ಸೋಪಿನಿಂದ ತೊಳೆಯಿರಿ. ಒಂದು ವಾರ ಕಾಂಡೋಮ್ ಇಲ್ಲದೆ ಸಂಭೋಗ ಬೇಡ.

ಒಂದೆರಡು ದಿನ ಉರಿ, ಪದೇ ಪದೇ ಮೂತ್ರ, ಸಣ್ಣ ಜ್ವರ, ಮೈಕೈ ನೋವು ಬರುವುದು ಸಹಜ, ಡೋಸ್ ಹೆಚ್ಚಿದಂತೆ ಇದೂ ಹೆಚ್ಚಬಹುದು. ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿ ಇಳಿಯದೇ ಹೋದರೆ, ಚಳಿ ನಡುಕ ಬಂದರೆ, ಕೂಡಲೇ ಆಸ್ಪತ್ರೆಗೆ ಹೋಗಿ ‘ಮೂತ್ರಕೋಶಕ್ಕೆ ಬಿಸಿಜಿ ಹಾಕಿಸಿಕೊಂಡಿದ್ದೇನೆ’ ಎಂದು ಮೊದಲ ಮಾತಿಗೇ ಹೇಳಿ. ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದ್ದರೆ ಕ್ಷಯದ ಔಷಧಗಳೇ ಬೇಕಾಗುತ್ತವೆ, ಮಾಮೂಲಿ ಜ್ವರವೆಂದು ಮಾತ್ರೆ ಕೊಟ್ಟು ಕಳಿಸಿದರೆ ಜೀವಕ್ಕೇ ಅಪಾಯ. ಮೂತ್ರದಲ್ಲಿ ರಕ್ತ ಕಾಣುತ್ತಿರುವಾಗ, ಸೋಂಕಿನ ಲಕ್ಷಣವಿರುವಾಗ, ಪೈಪ್ ಹಾಕುವಾಗ ಗಾಯವಾದಾಗ ಆ ವಾರದ ಡೋಸ್ ಮುಂದೂಡಲೇಬೇಕು. ಸಕ್ರಿಯ ಕ್ಷಯ ಇರುವವರಿಗೆ, ರೋಗನಿರೋಧಕ ಶಕ್ತಿ ತೀರಾ ಕುಗ್ಗಿರುವವರಿಗೆ ಬಿಸಿಜಿ ಕೊಡುವುದಿಲ್ಲ. ತೊಂದರೆ ಸಹಿಸಲಾಗದಿದ್ದರೆ ಪೂರ್ತಿ ಬಿಡುವ ಮುನ್ನ ಡೋಸನ್ನು ಮೂರನೇ ಒಂದಕ್ಕೆ ಇಳಿಸಬಹುದೇ ಎಂದು ಕೇಳಿ.

ಮೂರು ತಿಂಗಳ ಸಿಸ್ಟೊಸ್ಕೋಪಿಯಲ್ಲಿ ಸಿಐಎಸ್ ಇನ್ನೂ ಉಳಿದಿದ್ದರೆ ಬಿಸಿಜಿ ಸೋತಿತು ಎಂದುಕೊಳ್ಳಬೇಡಿ. ಮತ್ತೊಂದು ಸರಣಿಯ ನಂತರ ಆರನೇ ತಿಂಗಳಿಗೆ ಅದು ಮಾಯವಾಗುವುದುಂಟು. ಆದರೆ ಹೈ ಗ್ರೇಡ್ ಟಿ1 ಮತ್ತೆ ಕಂಡರೆ ಕಾಯುವಂತಿಲ್ಲ. ಸಾಕಷ್ಟು ಬಿಸಿಜಿ ಕೊಟ್ಟೂ ಹೈ ಗ್ರೇಡ್ ಗಡ್ಡೆ ಮರಳಿದರೆ ಹೆಚ್ಚು ಖಚಿತವಾದ ದಾರಿ ಮೂತ್ರಕೋಶ ತೆಗೆಯುವುದು. ಅದಕ್ಕೆ ಒಪ್ಪದವರಿಗೆ, ದೇಹ ತಡೆಯದವರಿಗೆ ಜೆಮ್‌ಸಿಟಬಿನ್ ಮತ್ತು ಡೋಸಿಟ್ಯಾಕ್ಸೆಲ್ ಅನ್ನು ಒಂದರ ಹಿಂದೊಂದು ಮೂತ್ರಕೋಶದೊಳಗೇ ಹಾಕುವ ಕ್ರಮವಿದೆ, ರಕ್ತನಾಳದ ಮೂಲಕ ಕೊಡುವ ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೋಥೆರಪಿ (ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಔಷಧ) ಇದೆ, ಮೂರು ತಿಂಗಳಿಗೊಮ್ಮೆ ಹಾಕುವ ಜೀನ್ ಚಿಕಿತ್ಸೆಯೂ ಅಮೆರಿಕದಲ್ಲಿ ಬಂದಿದೆ. ಇವುಗಳಿಂದ ಮೂತ್ರಕೋಶ ಉಳಿಯಬಹುದು. ಆದರೆ ಒಂದಾದ ಮೇಲೊಂದು ಪ್ರಯೋಗಿಸುತ್ತಾ ಹೋಗಿ ಕ್ಯಾನ್ಸರ್ ಸ್ನಾಯುವಿಗೆ ಇಳಿದರೆ ಗುಣವಾಗುವ ಸಾಧ್ಯತೆಯೇ ಕುಗ್ಗುತ್ತದೆ. ಯಾವ ಫಲಿತಾಂಶ ಬಂದರೆ ನಿಲ್ಲಿಸಿ ಆಪರೇಷನ್‌ಗೆ ಹೋಗುವುದು ಎಂಬುದನ್ನು ಶುರುವಿಗೇ ವೈದ್ಯರ ಜೊತೆ ಕೂತು ಗೊತ್ತುಮಾಡಿಕೊಳ್ಳಿ.

ಸ್ನಾಯುವಿಗೆ ಇಳಿದಿದೆ ಎಂದಾದರೆ

ಎದೆ, ಹೊಟ್ಟೆ, ಕಿಬ್ಬೊಟ್ಟೆಯ ಸ್ಕ್ಯಾನ್ ಮಾಡಿ ಬೇರೆಲ್ಲೂ ಹರಡಿಲ್ಲವೆಂದು ಖಚಿತವಾದ ಮೇಲೆ ಮುಂದೆ ಎರಡು ದಾರಿ: ಮೂತ್ರಕೋಶ ತೆಗೆಯುವುದು, ಅಥವಾ ಉಳಿಸಿಕೊಂಡು ಕೀಮೋ ಜೊತೆ ರೇಡಿಯೇಷನ್ ಕೊಡುವುದು. ಯುರಾಲಜಿಸ್ಟ್, ಕೀಮೋ ಕೊಡುವ ಆಂಕಾಲಜಿಸ್ಟ್, ರೇಡಿಯೇಷನ್ ವೈದ್ಯರು, ಈ ಮೂವರನ್ನೂ ಕಂಡ ಮೇಲೆಯೇ ನಿರ್ಧರಿಸಿ. ಒಬ್ಬರನ್ನೇ ಕಂಡರೆ ಒಂದೇ ದಾರಿ ಕಾಣುತ್ತದೆ. ಎರಡನೇ ಅಭಿಪ್ರಾಯಕ್ಕೆ ಒಂದೆರಡು ವಾರ ತೆಗೆದುಕೊಳ್ಳಬಹುದು. ಆದರೆ ಚಿಕಿತ್ಸೆ ಶುರುವಾಗದೆ ಮೂರು ತಿಂಗಳು ದಾಟಿದರೆ ಫಲಿತಾಂಶ ಕೆಡುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ತಾರೀಖು ಬರೆದಿಟ್ಟುಕೊಳ್ಳಿ.

ಆಪರೇಷನ್ ದಾರಿ ಹಿಡಿದರೂ ಅದಕ್ಕೆ ಮುಂಚೆ ಸಿಸ್‌ಪ್ಲಾಟಿನ್ ಇರುವ ಕೀಮೋ ಕೊಡುವುದು ಒಪ್ಪಿತ ಕ್ರಮ. ಕಣ್ಣಿಗೆ ಕಾಣದಂತೆ ಹೊರಗೆ ಚದುರಿರುವ ಕಣಗಳನ್ನು ಕೊಲ್ಲಲು ಅದು. ಇದರಿಂದ ಐದು ವರ್ಷ ಬದುಕುವವರ ಪ್ರಮಾಣ ನೂರಕ್ಕೆ ಸುಮಾರು ಐದರಷ್ಟು ಹೆಚ್ಚುತ್ತದೆ. 2024ರಲ್ಲಿ ಪ್ರಕಟವಾದ ನಯಾಗರ ಅಧ್ಯಯನದಲ್ಲಿ ಇದರ ಜೊತೆ ದುರ್ವಾಲುಮಾಬ್ ಎಂಬ ಇಮ್ಯುನೋಥೆರಪಿಯನ್ನು ಆಪರೇಷನ್‌ಗೆ ಮುಂಚೆಯೂ ಆಮೇಲೂ ಕೊಟ್ಟಾಗ ಫಲಿತಾಂಶ ಇನ್ನೂ ಉತ್ತಮವಾಯಿತು. ಸಿಸ್‌ಪ್ಲಾಟಿನ್ ಎಲ್ಲರಿಗೂ ಆಗುವುದಿಲ್ಲ. ಕಿಡ್ನಿ ಚೆನ್ನಾಗಿ ಸೋಸುತ್ತಿರಬೇಕು, ಅದನ್ನು ಅಳೆಯುವ ಕ್ರಿಯಾಟಿನಿನ್ ಕ್ಲಿಯರೆನ್ಸ್ ಸಾಮಾನ್ಯವಾಗಿ ನಿಮಿಷಕ್ಕೆ 50ರಿಂದ 60 ಮಿಲಿಲೀಟರ್ ದಾಟಿರಬೇಕು. ಕಿವುಡು, ಕೈಕಾಲು ಜೋಮು, ಹೃದಯದ ವೈಫಲ್ಯ ಇದ್ದರೆ ಕಷ್ಟ. ಒಂದು ಮಾತು ನೆನಪಿಡಿ: ಗಡ್ಡೆಯೇ ಕಿಡ್ನಿಯ ಕೊಳವೆಯನ್ನು ಒತ್ತಿ ಕ್ರಿಯಾಟಿನಿನ್ ಏರಿದ್ದರೆ, ಬೆನ್ನಿನ ಕಡೆಯಿಂದ ಪೈಪ್ ಹಾಕಿ ಮೂತ್ರ ಹೊರಬಿಟ್ಟಾಗ ಕಿಡ್ನಿ ಚೇತರಿಸಿಕೊಂಡು ಸಿಸ್‌ಪ್ಲಾಟಿನ್‌ಗೆ ಅರ್ಹರಾಗುವವರಿದ್ದಾರೆ.

ಉಳಿಸಿಕೊಳ್ಳುವ ದಾರಿಯಲ್ಲಿ ಗಡ್ಡೆಯನ್ನು ಸಾಧ್ಯವಾದಷ್ಟೂ ಕೆತ್ತಿ ತೆಗೆದು, ನಂತರ ನಾಲ್ಕರಿಂದ ಆರೂವರೆ ವಾರ ರೇಡಿಯೇಷನ್, ಜೊತೆಗೆ ಕಡಿಮೆ ಪ್ರಮಾಣದ ಕೀಮೋ. ಸಾಮಾನ್ಯ ಲೆಕ್ಕ 20 ಸಲಕ್ಕೆ ಒಟ್ಟು 55 ಗ್ರೇ (ರೇಡಿಯೇಷನ್‌ನ ಅಳತೆ) ಅಥವಾ 32 ಸಲಕ್ಕೆ ಒಟ್ಟು 64 ಗ್ರೇ. ಗಡ್ಡೆ ಒಂದೇ ಆಗಿದ್ದು, ಕಿಡ್ನಿ ಊದಿಕೊಂಡಿಲ್ಲದೆ, ಸಿಐಎಸ್ ಹಬ್ಬಿರದೆ, ಮೂತ್ರಕೋಶ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಇದು ಆಪರೇಷನ್‌ಗೆ ಸರಿಸಾಟಿಯಾಗಬಲ್ಲದು. ಇಂಥ ಆಯ್ದ ರೋಗಿಗಳನ್ನು ಹೋಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡೂ ಗುಂಪುಗಳಲ್ಲಿ ಐದು ವರ್ಷಕ್ಕೆ ಸುಮಾರು ನಾಲ್ಕರಲ್ಲಿ ಮೂರು ಪಾಲು ಜನರಿಗೆ ಕ್ಯಾನ್ಸರ್ ದೂರಕ್ಕೆ ಹರಡಿರಲಿಲ್ಲ. ಅರ್ಹತೆ ಇದ್ದೂ ಈ ದಾರಿಯ ಪ್ರಸ್ತಾಪವೇ ಆಗದಿದ್ದರೆ ನೀವೇ ಬಾಯಿಬಿಟ್ಟು ಕೇಳಿ. ಷರತ್ತು ಇಷ್ಟೇ: ಜೀವನಪೂರ್ತಿ ಸಿಸ್ಟೊಸ್ಕೋಪಿ ತಪ್ಪಿಸುವಂತಿಲ್ಲ, ಕೆಲವರಿಗೆ ಮುಂದೆ ಮೂತ್ರಕೋಶ ತೆಗೆಯಲೇಬೇಕಾಗಬಹುದು, ರೇಡಿಯೇಷನ್ ಆದ ಮೇಲಿನ ಆಪರೇಷನ್ ಹೆಚ್ಚು ಕಷ್ಟದ್ದು.

ಮೂತ್ರಕೋಶ ತೆಗೆಯುವಾಗ ಗಂಡಸರಲ್ಲಿ ಪ್ರಾಸ್ಟೇಟ್, ಹೆಂಗಸರಲ್ಲಿ ಹಲವು ಸಲ ಗರ್ಭಕೋಶ, ಅಂಡಾಶಯ, ಯೋನಿಯ ಒಂದು ಭಾಗವೂ ಹೋಗುತ್ತವೆ. ನರಗಳನ್ನು, ಈ ಅಂಗಗಳನ್ನು ಉಳಿಸಲು ಆಗುತ್ತದೆಯೇ ಎಂದು ಕೇಳಲು ಸಂಕೋಚ ಬೇಡ, ಕೆಲವರಲ್ಲಿ ಆಗುತ್ತದೆ. ಸಹಿ ಹಾಕಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಮೂತ್ರಕ್ಕೆ ಹೊಸ ದಾರಿ

ನಿತ್ಯದ ಬದುಕು ಹೇಗಿರುತ್ತದೆ ಎಂಬುದು ಈ ತೀರ್ಮಾನದಲ್ಲಿದೆ. ಸುಲಭದ್ದು ಇಲಿಯಲ್ ಕಾಂಡ್ಯುಯಿಟ್. ಸಣ್ಣ ಕರುಳಿನ 15ರಿಂದ 20 ಸೆಂಟಿಮೀಟರ್ ತುಂಡನ್ನು ಬಳಸಿ ಮೂತ್ರವನ್ನು ಹೊಟ್ಟೆಯ ಬಲಭಾಗದಲ್ಲಿ ಹೊರತರುತ್ತಾರೆ. ಆ ಬಾಯಿಗೆ ಸ್ಟೋಮಾ ಎನ್ನುತ್ತಾರೆ, ಅದರ ಮೇಲೆ ಚೀಲ ಅಂಟಿರುತ್ತದೆ. ಸ್ಟೋಮಾ ಎಲ್ಲಿರಬೇಕೆಂಬ ಗುರುತನ್ನು ಆಪರೇಷನ್‌ಗೆ ಮುಂಚೆಯೇ, ನೀವು ನಿಂತು, ಕೂತು, ಮಲಗಿ ನೋಡಿ ಹಾಕಬೇಕು. ಬಟ್ಟೆ ಕಟ್ಟುವ ಜಾಗಕ್ಕೋ ಹೊಟ್ಟೆಯ ಮಡಿಕೆಗೋ ಬಂದರೆ ಆಮೇಲೆ ಚೀಲ ಸೋರುತ್ತಲೇ ಇರುತ್ತದೆ. ಅಂಟುವ ಬಿಲ್ಲೆಯ ತೂತು ಸ್ಟೋಮಾಕ್ಕಿಂತ 2–3 ಮಿಲಿಮೀಟರ್ ಮಾತ್ರ ದೊಡ್ಡದಿರಲಿ, ಹೆಚ್ಚಾದರೆ ಮೂತ್ರ ತಾಗಿ ಚರ್ಮ ಹುಣ್ಣಾಗುತ್ತದೆ. ಮೊದಲ ತಿಂಗಳುಗಳಲ್ಲಿ ಸ್ಟೋಮಾ ಕುಗ್ಗುವುದರಿಂದ ಆಗಾಗ ಅಳೆದು ಕತ್ತರಿಸಿ. ಬದಲಾಯಿಸಲು ಬೆಳಿಗ್ಗೆ ಏನೂ ಕುಡಿಯುವ ಮುಂಚಿನ ಹೊತ್ತು ಒಳ್ಳೆಯದು, ಆಗ ಮೂತ್ರ ಕಡಿಮೆ ಒಸರುತ್ತದೆ. ಚೀಲ ಅರ್ಧ ತುಂಬುವ ಮುನ್ನ ಖಾಲಿ ಮಾಡಿ, ಭಾರಕ್ಕೆ ಬಿಲ್ಲೆ ಕಿತ್ತುಬರುತ್ತದೆ. ರಾತ್ರಿಗೆ ದೊಡ್ಡ ಚೀಲ ಜೋಡಿಸಿಕೊಂಡರೆ ನಿದ್ದೆ ಕೆಡುವುದಿಲ್ಲ.

ನಿಯೋಬ್ಲಾಡರ್ ಎಂದರೆ ಕರುಳಿನ ಉದ್ದ ತುಂಡಿನಿಂದ ಹೊಸ ಮೂತ್ರಕೋಶ ಹೊಲಿದು ಹಳೆಯ ದಾರಿಗೇ ಜೋಡಿಸುವುದು. ಹೊರಗೆ ಚೀಲ ಇರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಇದನ್ನು ಆರಿಸಬೇಡಿ. ಇದಕ್ಕೆ ಕಿಡ್ನಿ ಚೆನ್ನಾಗಿರಬೇಕು, ಮೂತ್ರದ್ವಾರದ ಕಡೆ ಕ್ಯಾನ್ಸರ್ ಇರಬಾರದು. ಮೂತ್ರ ಬಂತು ಎಂಬ ಹಳೆಯ ಅನಿಸಿಕೆ ಇರುವುದಿಲ್ಲ, ಗಡಿಯಾರ ನೋಡಿಕೊಂಡು ಮೊದಮೊದಲು ಎರಡು ಮೂರು ಗಂಟೆಗೊಮ್ಮೆ, ರಾತ್ರಿ ಅಲಾರಂ ಇಟ್ಟು, ಹೊಟ್ಟೆ ಒತ್ತಿ ಖಾಲಿ ಮಾಡಬೇಕು. ಕರುಳು ಲೋಳೆ ಸುರಿಸುವುದರಿಂದ ಶುರುವಿನಲ್ಲಿ ತೊಳೆಯಬೇಕಾಗುತ್ತದೆ. ಹಗಲಿನ ಹಿಡಿತ ತಿಂಗಳುಗಳಲ್ಲಿ ಬರುತ್ತದೆ, ರಾತ್ರಿ ಸೋರುವುದು ಹಲವರಲ್ಲಿ ಉಳಿಯುತ್ತದೆ. ಕೆಲವರಿಗೆ, ಅದರಲ್ಲೂ ಹೆಂಗಸರಿಗೆ, ಪೂರ್ತಿ ಖಾಲಿಯಾಗದೆ ತಾವೇ ಸಣ್ಣ ಪೈಪ್ ಹಾಕಿಕೊಳ್ಳಬೇಕಾಗುತ್ತದೆ. ಅದನ್ನು ಆಪರೇಷನ್‌ಗೆ ಮುಂಚೆಯೇ ಕಲಿಯಲು ಸಿದ್ಧರಿಲ್ಲದವರಿಗೆ ಕಾಂಡ್ಯುಯಿಟ್ಟೇ ಮೇಲು. ಎರಡೂ ಬಗೆಯಲ್ಲಿ ಬದುಕುತ್ತಿರುವವರನ್ನು ಭೇಟಿ ಮಾಡಿಸಿ ಎಂದು ಆಸ್ಪತ್ರೆಯವರನ್ನು ಕೇಳಿ.

ದೂರಕ್ಕೆ ಹರಡಿದ್ದರೆ

ಇಲ್ಲಿ ಗುರಿ ಬದಲಾಗುತ್ತದೆ, ಆದರೆ ಕೈಚೆಲ್ಲುವ ಕಾಲ ಹೋಯಿತು. 2023ರಲ್ಲಿ ವರದಿಯಾದ ಇವಿ-302 ಅಧ್ಯಯನದಲ್ಲಿ ಎನ್‌ಫೋರ್ಟುಮಾಬ್ ವೆಡೋಟಿನ್ ಮತ್ತು ಪೆಂಬ್ರೊಲಿಜುಮಾಬ್ ಎಂಬ ಔಷಧಗಳ ಜೋಡಿಯನ್ನು ಪಡೆದವರ ಮಧ್ಯಕ ಬದುಕಿನ ಅವಧಿ (ಅರ್ಧದಷ್ಟು ಜನ ದಾಟಿದ ಅವಧಿ) 31.5 ತಿಂಗಳು, ಹಳೆಯ ಕೀಮೋ ಪಡೆದವರದ್ದು 16.1 ತಿಂಗಳು. ಚರ್ಮದ ಮೇಲೆ ದದ್ದು, ಕೈಕಾಲು ಜೋಮು, ಸಕ್ಕರೆ ಏರುವುದು ಇದರ ಮುಖ್ಯ ತೊಂದರೆಗಳು, ದದ್ದು ಕಂಡ ದಿನವೇ ತಿಳಿಸಿ. ಗಡ್ಡೆಯ ತುಣುಕಿನಲ್ಲಿ ಎಫ್‌ಜಿಎಫ್‌ಆರ್3 ಜೀನ್ ಪರೀಕ್ಷೆ ಮಾಡಿಸಿಟ್ಟರೆ ಮುಂದೆ ಮಾತ್ರೆಯ ಚಿಕಿತ್ಸೆಗೆ ಅವಕಾಶವಿರಬಹುದು.

ಚಿಕಿತ್ಸೆ ಯಾವುದಾದರೂ ಬೀಡಿ, ಸಿಗರೇಟು ಬಿಡಬೇಕು. ಮೂತ್ರಕೋಶದ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧಕ್ಕೆ ಧೂಮಪಾನವೇ ಕಾರಣ. ಹೊಗೆಯ ವಿಷ ರಕ್ತದಿಂದ ಸೋಸಿ ಬಂದು ಮೂತ್ರಕೋಶದಲ್ಲೇ ಗಂಟೆಗಟ್ಟಲೆ ನಿಲ್ಲುತ್ತದೆ. ಪತ್ತೆಯಾದ ಮೇಲೆ ಬಿಟ್ಟರೂ ಲಾಭವಿದೆ. ಬಣ್ಣ, ರಬ್ಬರ್, ಚರ್ಮ ಹದಮಾಡುವ ಕೆಲಸದಲ್ಲಿದ್ದವರು ಅದನ್ನು ವೈದ್ಯರಿಗೆ ಹೇಳಿ.

ಅಪಾಯ ಹೆಚ್ಚಿನ ಗುಂಪಿನವರು ಮೂತ್ರಕೋಶ ಉಳಿಸಿಕೊಂಡಿದ್ದರೆ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಐದನೇ ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸಿಸ್ಟೊಸ್ಕೋಪಿ. ತೆಗೆಸಿಕೊಂಡವರಿಗೆ ಸ್ಕ್ಯಾನ್ ಜೊತೆ ಕ್ರಿಯಾಟಿನಿನ್, ಬೈಕಾರ್ಬೊನೇಟ್, ವಿಟಮಿನ್ ಬಿ12 ನೋಡುತ್ತಿರಬೇಕು, ಕರುಳು ಬಳಸಿದ್ದರಿಂದ ರಕ್ತದಲ್ಲಿ ಆಮ್ಲ ಹೆಚ್ಚಬಹುದು, ಬಿ12 ನಿಧಾನವಾಗಿ ಕುಸಿಯಬಹುದು. ಇವರ ಮೂತ್ರದಲ್ಲಿ ಕರುಳಿನ ಕಾರಣದಿಂದ ಬ್ಯಾಕ್ಟೀರಿಯಾ ಇರುವುದು ಮಾಮೂಲು. ಜ್ವರ, ಬೆನ್ನುನೋವು ಇಲ್ಲದೆ ಬರೀ ಲ್ಯಾಬ್ ರಿಪೋರ್ಟ್ ನೋಡಿ ಆಂಟಿಬಯಾಟಿಕ್ ನುಂಗಬೇಡಿ. ಪರೀಕ್ಷೆ ನಿಜಕ್ಕೂ ಬೇಕಾದಾಗ ಚೀಲದಿಂದ ಮೂತ್ರ ಹಿಡಿದು ಕೊಡದೆ, ಸ್ಟೋಮಾದೊಳಗೆ ಹೊಸ ಪೈಪ್ ಇಳಿಸಿ ಸ್ಯಾಂಪಲ್ ತೆಗೆಯಲು ನರ್ಸ್‌ಗೆ ಹೇಳಿ.